ಕುರಿ ತಿಂದದ್ದು, ಹೊಲಕ್ಕೆ ಬಂದದ್ದು

ನಾಚಾರಂನಲ್ಲಿ ಮನೆ, ರಾಯಚೂರು ಕಡೆ ಹೊಲ ಇರುವವರು ನಮ್ಮ ಸಂಘದಲ್ಲಿ ನಾನೊಬ್ಬನೇ ಅಲ್ಲ. ಬೇಸಿಗೆಯಲ್ಲಿ ಕುರಿಗಾರರಿಗೆ ಹಣವೋ ಜೋಳವೋ ಕೊಟ್ಟು ಹೊಲದಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತೇವೆ. ‘ಹಗಲೆಲ್ಲ ಏನು ಮೇಯಿಸಿದಿರಿ?’ ಎಂದು ಮಾತ್ರ ಕೇಳುವುದಿಲ್ಲ. ಕೇಳಬೇಕಾದದ್ದು ಅದನ್ನೇ.

ಮೇವಿನ ಪ್ರೋಟೀನಿನಲ್ಲಿ ಸುಮಾರು ಶೇ. 16 ಸಾರಜನಕ. ಶೇಂಗಾ ಹೊಟ್ಟು, ಅಲಸಂದೆ ಬಳ್ಳಿ ಹೊಟ್ಟೆ ತುಂಬ ತಿಂದ ಕುರಿ ತನಗೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕಿದ್ದರಲ್ಲಿ ಬಹುಪಾಲನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುತ್ತದೆ. ನಾವು ಚೀಲದಲ್ಲಿ ಕೊಳ್ಳುವ ಅದೇ ಯೂರಿಯಾ! ಬರೀ ಒಣಹುಲ್ಲು ಸಿಕ್ಕರೆ ಕುರಿ ಜಿಪುಣನಾಗುತ್ತದೆ. ಯೂರಿಯಾವನ್ನು ಜೊಲ್ಲಿನೊಡನೆ ಮತ್ತೆ ಹೊಟ್ಟೆಗಿಳಿಸಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಪ್ರೋಟೀನು ಮಾಡಿಸಿಕೊಳ್ಳುತ್ತದೆ. ಜಾಲಿಕಾಯಿ ತಿಂದರೆ ಅದರ ಒಗರು, ಅಂದರೆ ಟ್ಯಾನಿನ್, ಪ್ರೋಟೀನನ್ನು ಕಟ್ಟಿಹಾಕುತ್ತದೆ. ಸಾರಜನಕ ಹೆಚ್ಚಾಗಿ ಹಿಕ್ಕೆಯ ಪಾಲಾಗುತ್ತದೆ.

ಹಿಕ್ಕೆಯದು ನಿಧಾನವಾಗಿ ಮಣ್ಣಿಗಿಳಿಯುತ್ತದೆ. ಮೂತ್ರದ್ದು ಹಾಗಲ್ಲ, ಬಿಸಿಲಿಗೆ ಅಮೋನಿಯವಾಗಿ ಹಾರುತ್ತದೆ. ಬೆಳಗ್ಗೆ ಮೂಗಿಗೆ ಬಡಿಯುವ ಘಾಟು ಅದೇ, ನಮ್ಮ ಹಣದ ವಾಸನೆ! ಒಂದು ವರ್ಷ ನಾನು ಮಂದೆ ಎದ್ದ ವಾರದ ಮೇಲೆ ಕುಂಟೆ ಹೊಡೆಸಿದೆ. ಅಷ್ಟರಲ್ಲಿ ಘಾಟೂ ಇರಲಿಲ್ಲ. ಈಗ ತಮ್ಮನಿಗೆ ಫೋನಿನಲ್ಲಿ ಹೇಳುತ್ತೇನೆ: “ಬಳ್ಳಿ ಮೇಯ್ದ ಕುರಿಯಾದರೆ ಎದ್ದ ದಿನವೇ ಕುಂಟೆ ಹೊಡಿ.”

“ಎತ್ತು ಸಿಗಬೇಕಲ್ಲ, ಅಣ್ಣಾ” ಎನ್ನುತ್ತಾನೆ.