ಕಸಬರಿಗೆಯ ಕಾಯಕ



ಕಾರ್ಟೂನ್ ಚಿತ್ರವೆಂದೊಡನೆ ಅದು ಹೊತ್ತುಗಳೆಯುವ ಆಟವೆಂದು ಹಿರಿಯರು ಬಗೆಯುವುದುಂಟು. ಮಕ್ಕಳು ಮೆಚ್ಚಿದ ಪಾತ್ರವನ್ನು ಪರಿಶೀಲಿಸದೆ ಹಾಗೆ ತಳ್ಳಿಹಾಕುವುದು ಉಚಿತವಲ್ಲ. 2008ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ನಿರ್ಮಿಸಿ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿದ ‘ವಾಲ್-ಇ’ ನಾವು ಬಹುವಾಗಿ ಮೆಚ್ಚಿದ ಚಿತ್ರ.

ಮನುಷ್ಯರು ಭೂಮಿಯನ್ನೆಲ್ಲ ಕಸದಿಂದ ತುಂಬಿ, ಆಕಾಶನೌಕೆಯನ್ನೇರಿ ಹೊರಟುಹೋಗಿದ್ದಾರೆ. 700 ವರ್ಷಗಳು ಸಂದರೂ ಪುಟ್ಟ ಯಂತ್ರವೊಂದು ಏಕಾಂಗಿಯಾಗಿ ಆ ಕಸವನ್ನು ಒತ್ತಿ, ಇಟ್ಟಿಗೆಯಂತೆ ಪೇರಿಸುತ್ತಲೇ ಇದೆ. ನೋಡುವವರಿಲ್ಲ, ಹೊಗಳುವವರಿಲ್ಲ. ಒಂದು ದಿನ ಕಸದ ನಡುವೆ ಕಂಡ ಎಳೆಯ ಸಸಿಯನ್ನು ಅದು ಹಳೆಯ ಬೂಟಿನಲ್ಲಿಟ್ಟು ಕಾಪಾಡುತ್ತದೆ. ಅತ್ತ ನೌಕೆಯಲ್ಲಿ, ಎಲ್ಲವನ್ನೂ ಯಂತ್ರಗಳಿಂದಲೇ ಮಾಡಿಸಿಕೊಳ್ಳುವ ಮನುಷ್ಯರು ಮೈಬೆಳೆದು, ನಡೆಯುವುದನ್ನೇ ಮರೆತಿದ್ದಾರೆ. ಕಡೆಗೆ ಅವರನ್ನು ಮರಳಿ ಭೂಮಿಗೆ ಕರೆತರುವುದು ಆ ಸಸಿಯೇ.

ಇದನ್ನು ಕಂಡಾಗ ನಮಗೆ ನೆನಪಾದವಳು ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕ. ಶಿವಭಕ್ತರ ಅಂಗಳ ಗುಡಿಸುವುದೇ ಆ ತಾಯಿಯ ಕಾಯಕವಾಗಿತ್ತು. ಯಂತ್ರವು ಒಡೆಯನ ಆಜ್ಞೆಯಿಂದ ದುಡಿಯುತ್ತದೆ. ಶರಣರು ಅರಿವಿನಿಂದ ದುಡಿದರು. ಈ ಭೇದವನ್ನು ಮಕ್ಕಳಿಗೆ ತಿಳಿಸಬೇಕು. ಆಜ್ಞೆಯಿಲ್ಲದಿದ್ದರೂ ಸಸಿಯನ್ನು ಕಾಪಾಡಿದ ಆ ಗಳಿಗೆಯಲ್ಲಿ ಯಂತ್ರದ ದುಡಿಮೆಯೂ ಕಾಯಕದ ಸಮೀಪಕ್ಕೆ ಬಂದಿತೆಂಬುದನ್ನೂ ತೋರಿಸಬೇಕು.

ಕಾಯಕದ ವಚನಗಳನ್ನು ಬಾಯಿಪಾಠ ಮಾಡಿಸುವ ಮನೆಗಳಲ್ಲಿಯೇ ‘ನೀನು ಓದಿಕೋ, ಅದು ಆಳಿನ ಕೆಲಸ’ ಎಂದು ಮಗುವಿನ ಕೈಯಿಂದ ಕಸಬರಿಗೆ ಕಸಿಯುವುದನ್ನು ಕಾಣುತ್ತೇವೆ. ಹೀಗಾದರೆ ವಚನವು ನಾಲಗೆಯಲ್ಲಿ ಉಳಿದೀತು, ಕೈಗೆ ಇಳಿಯದು. ಮಕ್ಕಳೊಡನೆ ಕುಳಿತು ಈ ಚಿತ್ರವನ್ನು ನೋಡಿರಿ. ಮರುದಿನ ಬೆಳಿಗ್ಗೆ ಅಂಗಳವನ್ನು ಮನೆಮಂದಿಯೆಲ್ಲ ಕೂಡಿ ಗುಡಿಸಿರಿ.