ತಟ್ಟೆಯ ಮೇಲಣ ದೇವಾಲಯ

ಗೃಹಾಲಂಕಾರದ ವಸ್ತುಗಳಲ್ಲಿ ಒಂದು ವಿಶೇಷವು ಈಚೆಗೆ ನಮ್ಮ ಗಮನಕ್ಕೆ ಬಂದಿದೆ. ನಮ್ಮ ದೇಶದ ಪ್ರಾಚೀನ ಕಟ್ಟಡಗಳ ಹಳೆಯ ಛಾಯಾಚಿತ್ರಗಳನ್ನು ಪಿಂಗಾಣಿ ತಟ್ಟೆಗಳ ಮೇಲೆ ಮುದ್ರಿಸಿ, ಗೋಡೆಗೆ ತೂಗುಹಾಕಲೆಂದು ಮಾರುತ್ತಾರೆ. ಇದು ಬರಿಯ ಷೋಕಿಯೆಂದು ಹಿರಿಯರು ಕೆಲವರು ಮೂಗು ಮುರಿಯುವುದುಂಟು. ನಮಗೆ ಹಾಗೆ ತೋರುವುದಿಲ್ಲ. ಆದರೆ ಕೊಳ್ಳತಕ್ಕವರು ಕೆಲವು ಸಂಗತಿಗಳನ್ನು ಅರಿತು ಕೊಳ್ಳುವುದು ಲೇಸು.

ಕಟ್ಟಡವನ್ನು ತಟ್ಟೆಗೆ ಇಳಿಸುವ ರೂಢಿಯೇನೋ ಹಳೆಯದು. ಥಾಮಸ್ ಡೇನಿಯಲ್ ಮತ್ತು ಆತನ ಸೋದರನ ಮಗ ವಿಲಿಯಂ ಎಂಬ ಆಂಗ್ಲ ಚಿತ್ರಕಾರರು ೧೭೮೬ರಲ್ಲಿ ಕಲ್ಕತ್ತೆಗೆ ಬಂದು, ದೇಶಸಂಚಾರ ಮಾಡಿ, ೧೭೯೫ರಿಂದ ೧೮೦೮ರ ವರೆಗೆ ೧೪೪ ಚಿತ್ರಗಳನ್ನು ಪ್ರಕಟಿಸಿದರು. ಅವುಗಳಲ್ಲಿ ಕೆಲವನ್ನು ಲಿವರ್‌ಪೂಲಿನ ಹರ್ಕ್ಯುಲೇನಿಯಂ ಕಾರ್ಖಾನೆಯವರು ನೀಲಿ ಬಣ್ಣದಲ್ಲಿ ತಟ್ಟೆಗಳ ಮೇಲೆ ಅಚ್ಚು ಮಾಡಿದರು. ಆದರೆ ಆ ಕಾಲದ ಅಚ್ಚಿನವರು ತಟ್ಟೆಯ ಅಂದಕ್ಕಾಗಿ ಒಂದು ದೃಶ್ಯದ ಗೋಪುರವನ್ನು ಮತ್ತೊಂದು ದೃಶ್ಯದ ಹೊಳೆಯ ದಡಕ್ಕೆ ತಂದು ನಿಲ್ಲಿಸುವುದೂ ಉಂಟಾಗಿತ್ತು. ಅವು ನೋಟಕ್ಕೆ ರಮ್ಯವೇ ಹೊರತು ಸಾಕ್ಷ್ಯಕ್ಕೆ ಯೋಗ್ಯವಲ್ಲ.

ಛಾಯಾಚಿತ್ರದ ಮಾತು ಬೇರೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿಯು ೧೮೫೬ರಲ್ಲಿ ಹಂಪೆಯ ಕಟ್ಟಡಗಳನ್ನು ಮೇಣ ಸವರಿದ ಕಾಗದದ ಮೇಲೆ ಛಾಯಾರೂಪವಾಗಿ ತೆಗೆದನು. ಅಂಥ ಕಾಗದಕ್ಕೆ ಬೆಳಕು ಬಹಳ ಹೊತ್ತು ತಾಗಬೇಕಾಗಿತ್ತು. ಅತ್ತಿತ್ತ ಸುಳಿದಾಡುವ ಜನರು ಅದರಲ್ಲಿ ಮೂಡುತ್ತಿರಲಿಲ್ಲ. ಆದಕಾರಣ ಹಳೆಯ ಚಿತ್ರ ನಿರ್ಜನವಾಗಿ ಕಂಡ ಮಾತ್ರಕ್ಕೆ ಆ ಸ್ಥಳವು ಹಾಳು ಸುರಿಯುತ್ತಿತ್ತೆಂದು ತೀರ್ಮಾನಿಸಲಾಗದು.

ಪರಿಚಿತರೊಬ್ಬರ ಮನೆಯಲ್ಲಿ ಇಂಥದೊಂದು ತಟ್ಟೆಯನ್ನು ಕಂಡೆವು. ವಿಠ್ಠಲ ದೇವಾಲಯದ ಕಲ್ಲಿನ ರಥ. ಅದರ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರ! ಆ ಮನೆಯ ಹುಡುಗನು ಐವತ್ತು ರೂಪಾಯಿಯ ನೋಟನ್ನು ತಂದು ಪಕ್ಕದಲ್ಲಿ ಹಿಡಿದು, "ನೋಟಿನಲ್ಲಿ ಶಿಖರವಿಲ್ಲ, ತಟ್ಟೆಯವರು ತಪ್ಪು ಮಾಡಿದ್ದಾರೆ" ಎಂದನು. ತಂದೆಗೂ ಅನುಮಾನ ಹುಟ್ಟಿ, ತಟ್ಟೆಯನ್ನು ಹಿಂದಿರುಗಿಸುವ ಯೋಚನೆಯಲ್ಲಿದ್ದರು. ವಾಸ್ತವವಾಗಿ ಎರಡೂ ನಿಜ. ಗ್ರೀನ್‌ಲಾ ತೆಗೆದ ಕಾಲದಲ್ಲಿ ಶಿಖರವಿತ್ತು. ಆಮೇಲೆ ಅದು ಹೋಯಿತು. ೨೦೧೭ರಿಂದ ಚಲಾವಣೆಗೆ ಬಂದ ನೋಟು ಉಳಿದುದನ್ನು ತೋರಿಸುತ್ತದೆ. ತಟ್ಟೆಯು ಕಳೆದುದನ್ನು ತೋರಿಸುತ್ತದೆ. ಕಲ್ಲಿನದೆಂಬ ಭರವಸೆಯಿಂದ ನಾವು ಅಲಕ್ಷಿಸುವ ಕಟ್ಟಡಗಳೂ ನಮ್ಮ ಕಣ್ಣೆದುರಿಗೇ ಸವೆಯುತ್ತಿವೆಯೆಂಬುದನ್ನು ಆ ಹುಡುಗನಿಗೆ ಅರ್ಧ ಗಳಿಗೆಯಲ್ಲಿ ಕಲಿಸಲು ಆ ಒಂದು ತಟ್ಟೆ ಸಾಕಾಯಿತು. ಅದು ಈಗಲೂ ಗೋಡೆಯ ಮೇಲಿದೆ.

ಇನ್ನು ಗೃಹಿಣಿಯರಿಗೆ ಎರಡು ಮಾತು. ಕುಲುಮೆಯ ಉರಿಗೆ ಸಾಮಾನ್ಯವಾದ ಮಸಿ ನಿಲ್ಲದು. ಆದುದರಿಂದ ಲೋಹಗಳಿಂದ ಸಿದ್ಧಪಡಿಸಿದ ಬಣ್ಣಗಳನ್ನು ಬಳಸುತ್ತಾರೆ. ಹೊಳಪಿನ ಲೇಪದ ಮೇಲೆ ಅಂಟಿಸಿ ಸುಟ್ಟ ಚಿತ್ರಗಳ ಬಣ್ಣದಲ್ಲಿ ಸೀಸವಿರುವುದುಂಟು. ಹುಣಿಸೆ, ನಿಂಬೆ, ಮಜ್ಜಿಗೆಗಳ ಹುಳಿಯು ಅದನ್ನು ಆಹಾರಕ್ಕೆ ಸೆಳೆಯಬಲ್ಲದು. ಗೋಡೆಗೆಂದು ಮಾರಿದ ತಟ್ಟೆಯಲ್ಲಿ ಊಟ ಬಡಿಸಲೇಕೂಡದು. ದೇವಾಲಯದ ಚಿತ್ರದ ಮೇಲೆ ಎಂಜಲು ಸಲ್ಲದೆನ್ನುವ ಹಿರಿಯರ ಸಂಕೋಚಕ್ಕೂ ಇದರಿಂದ ಸಮಾಧಾನವಾದೀತು. ಬೂದಿಯಿಂದಾಗಲಿ ನಾರಿನಿಂದಾಗಲಿ ಉಜ್ಜದೆ, ಮೆತ್ತನೆಯ ಬಟ್ಟೆಯಿಂದ ಒರಸತಕ್ಕದ್ದು.

ಕೊಳ್ಳುವಾಗ ಚಿತ್ರವು ಯಾವ ಊರಿನದು, ಯಾವ ವರ್ಷದ್ದು ಎಂಬುದನ್ನು ಕೇಳಿ ತಿಳಿದು, ಒಂದು ಚೀಟಿಯಲ್ಲಿ ಬರೆದು ತಟ್ಟೆಯ ಬೆನ್ನಿಗೆ ಅಂಟಿಸಿರಿ. ಮನೆಯ ಮಕ್ಕಳು ಮುಂದೆ ಆ ಊರಿಗೆ ಹೋದಾಗ, ಏನು ಉಳಿದಿದೆಯೆಂದು ತಾವೇ ತಾಳೆ ನೋಡಿಕೊಳ್ಳಲಿ.