ಕಣ್ಣಿಗೆ ಮೀರಿದ ಬೆಳಕಿನ ಸಾಕ್ಷ್ಯ

ಹಂಪಿಯ ಸುತ್ತಣ ಬಾಳೆಯ ತೋಟಗಳೆಲ್ಲ ಶ್ವೇತವರ್ಣವನ್ನು ತಾಳಿ, ತುಂಗಭದ್ರೆಯ ನೀರು ಕಡುಗಪ್ಪಾಗಿ, ನಡುಹಗಲಿನ ನಿರ್ಮಲಾಕಾಶವೂ ಕತ್ತಲುಗಟ್ಟಿ ತೋರುವ ಛಾಯಾಚಿತ್ರವನ್ನು ಕಂಡವರು, ಇದೆಲ್ಲ ಕಂಪ್ಯೂಟರಿನ ಕೈಚಳಕವೆಂದು ತಳ್ಳಿಹಾಕುವುದು ಈಗ ವಾಡಿಕೆಯಾಗಿದೆ. ಆನೆಗೊಂದಿಯ ಬಂಡೆಗಳ ಮೇಲೆ ನಕ್ಷತ್ರಗಳು ವೃತ್ತರೇಖೆಗಳನ್ನೆಳೆದಿರುವ ಚಿತ್ರಕ್ಕೂ ಇದೇ ಆಕ್ಷೇಪ. ಸಂಶಯಕ್ಕೆ ಕಾರಣವಿಲ್ಲದಿಲ್ಲ, ಆದರೆ ದಂಡನೆ ಮಾತ್ರ ನಿರಪರಾಧಿಗೆ ಸಲ್ಲುತ್ತಿದೆ.

1800ರಲ್ಲಿ ವಿಲಿಯಂ ಹರ್ಷೆಲನು ಸೂರ್ಯರಶ್ಮಿಯನ್ನು ಪಟ್ಟಕದ ಮೂಲಕ ಹಾಯಿಸಿ, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿರಿಸಿ ಪರೀಕ್ಷಿಸುತ್ತಿದ್ದಾಗ, ಕೆಂಪಿನಿಂದಾಚೆಗೆ, ಕಣ್ಣಿಗೆ ಏನೊಂದೂ ಗೋಚರಿಸದ ಎಡೆಯಲ್ಲಿ ಉಷ್ಣತೆ ಇನ್ನಷ್ಟು ಏರಿದುದನ್ನು ಕಂಡನು. ಆ ಅವಕೆಂಪು ಕಿರಣಗಳಿಂದ ಭೂದೃಶ್ಯಗಳನ್ನು ಸೆರೆಹಿಡಿದು 1910ರಲ್ಲಿ ಪ್ರಕಟಿಸಿದವನು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್. ಎಲೆಯ ಪತ್ರಹರಿತ್ತು ಕೆಂಪು ನೀಲಿಗಳನ್ನು ಹೀರಿಕೊಳ್ಳುತ್ತದೆಯೇ ಹೊರತು ಈ ಕಿರಣಗಳನ್ನು ತಡೆಯುವುದಿಲ್ಲ. ಅವು ಎಲೆಯೊಳಗಿನ ಕೋಶಗಳಿಗೂ ಗಾಳಿಯ ಎಡೆಗಳಿಗೂ ತಾಗಿ ಚದರಿ ಹೊರಕ್ಕೆ ಮರಳುವುದರಿಂದಲೇ ಹಸುರು ಬೆಳ್ಳಗೆ ತೋರುವುದು. ನೀರು ಅವನ್ನು ಬಹುಮಟ್ಟಿಗೆ ಹೀರುತ್ತದೆ, ತಿಳಿಯಾದ ಆಕಾಶ ಅಷ್ಟಾಗಿ ಚದರಿಸದು. ಆದಕಾರಣ ಎರಡೂ ಕಪ್ಪು. ಕ್ಯಾಮೆರಾ ತಯಾರಕರು ಸೆನ್ಸರಿನ ಮುಂದೆ ಈ ಕಿರಣಗಳನ್ನು ತಡೆಯುವ ಗಾಜೊಂದನ್ನು ಕೂರಿಸಿರುವುದರಿಂದ, ಲೆನ್ಸಿಗೆ 720 ನ್ಯಾನೊಮೀಟರಿನ ಫಿಲ್ಟರ್ ತೊಡಿಸಿದವನು ಸುಡುಬಿಸಿಲಿನಲ್ಲಿಯೂ ಟ್ರೈಪಾಡ್ ಹೂಡಿ ಹಲವು ಸೆಕೆಂಡುಗಳ ಕಾಲ ಷಟರ್ ತೆರೆದಿಡಬೇಕಾಗುತ್ತದೆ. ಇಲ್ಲಿ ಸುಳ್ಳೆಲ್ಲಿ ಬಂತು?

ದೀರ್ಘಕಾಲದ ಎಕ್ಸ್‌ಪೋಷರ್ ಎಂಬುದು ಹಂಪಿಗೆ ಹೊಸತೂ ಅಲ್ಲ. 1856ರ ಸುಮಾರಿಗೆ ಅಲೆಗ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ಆ ಭಗ್ನನಗರಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಚಿತ್ರಿಸಿದನು. ಅಂಥ ಕಾಗದಕ್ಕೆ ನಿಮಿಷಗಟ್ಟಲೆ ಬೆಳಕೂಡಿಸಬೇಕಾಗಿತ್ತು. ಅವನ ಚಿತ್ರಗಳನ್ನು ನಾವು ಇತಿಹಾಸದ ಆಧಾರವೆಂದು ಆದರಿಸುತ್ತೇವೆ. ಇಂದಿನವನು ಅದೇ ತಾಳ್ಮೆಯನ್ನು ಇರುಳಿನತ್ತ ತಿರುಗಿಸಿದ್ದಾನೆ. ಗಂಟೆಯೊಂದಕ್ಕೆ 15 ಡಿಗ್ರಿಯಂತೆ ಭೂಮಿ ಹೊರಳುವುದನ್ನು, ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿರುವ ಧ್ರುವನ ಸುತ್ತ ನಕ್ಷತ್ರಗಳು ಕಂಸಗಳಾಗಿ ಬರೆದು ತೋರಿಸುತ್ತವೆ. ಆಕಾಶಗಂಗೆಯ ನಡುಭಾಗವನ್ನು ಬಯಸುವವನು ಮುಂಗಾರಿನ ಮೋಡ ಕವಿಯುವ ಮುನ್ನ, ಬೇಸಗೆಯ ಬೆಳಗಿನ ಜಾವದಲ್ಲಿ ಧನುರಾಶಿಯ ಕಡೆಗೆ ಕ್ಯಾಮೆರಾ ತಿರುಗಿಸಿ, ಚುಕ್ಕಿ ಗೆರೆಯಾಗದಂತೆ ಸುಮಾರು 20 ಸೆಕೆಂಡಿಗೆ ನಿಲ್ಲಿಸುತ್ತಾನೆ. (ಊರವರು ಹೊರಡಲು ಹಿಂಜರಿಯುವ ಅಮಾವಾಸ್ಯೆಯೇ ಅವನಿಗೆ ಶುಭಮುಹೂರ್ತ.) ಮಂದಪ್ರಕಾಶದಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು, ಬೆಳಕನ್ನು ಕೂಡಿಡಲಾರದು, ಸೆನ್ಸರು ಹನಿಹನಿಯಾಗಿ ಕೂಡಿಡುತ್ತದೆ. ಕಣ್ಣಿನ ಈ ಮಿತಿಯನ್ನೇ ಸತ್ಯದ ಎಲ್ಲೆಯೆಂದು ಸಾಧಿಸುವುದು ಹಟವಲ್ಲದೆ ವಿಮರ್ಶೆಯಲ್ಲ.

ನಿಜವಾದ ಅಪರಾಧಿ ಬೇರೆ. ಎಲ್ಲಿಯೋ ಸೆರೆಹಿಡಿದ ಆಕಾಶಗಂಗೆಯನ್ನು ತಂದು ಕಲ್ಲಿನ ರಥದ ನೆತ್ತಿಯ ಮೇಲೆ ಅಂಟಿಸಿ, ದೃಶ್ಯವೇ ಹೀಗಿತ್ತೆಂದು ಸಾರುವವನು ಅವನು. ನೈರುತ್ಯ ದಿಗಂತದಲ್ಲಿ ಹಬ್ಬಿದ ಹೊಸಪೇಟೆಯ ದೀಪಗಳ ಕೆಂಚುಬೆಳಕನ್ನು ಅಂದಗೆಡಿಸುತ್ತದೆಂದು ಒರಸಿಹಾಕುವವನನ್ನೂ ನಾನು ಅವನ ಪಂಕ್ತಿಯಲ್ಲಿಯೇ ಕೂರಿಸುವೆನು. ನಮ್ಮ ಇರುಳುಗಳು ಎಷ್ಟರಮಟ್ಟಿಗೆ ಕತ್ತಲನ್ನು ಕಳೆದುಕೊಂಡಿವೆಯೆಂಬುದಕ್ಕೆ ಆ ಚಿತ್ರದಲ್ಲಿದ್ದ ಸಾಕ್ಷ್ಯವನ್ನೇ ಆತನು ಅಳಿಸಿದ್ದಾನೆ. ಕಲ್ಪನೆಗೆ ಕಲೆಯಲ್ಲಿ ಸ್ಥಾನವುಂಟು, ಆದರೆ ಅದು ತನ್ನ ಹೆಸರಿನಲ್ಲಿಯೇ ಬರತಕ್ಕದ್ದು. ಯಾವ ಕಿರಣ, ಎಷ್ಟು ಹೊತ್ತು, ಎಷ್ಟು ಚಿತ್ರಗಳ ಜೋಡಣೆ ಎಂಬ ಒಂದು ಸಾಲು ಅಡಿಯಲ್ಲಿರದ ಚಿತ್ರವನ್ನು ಸಂಪಾದಕರು ಅಚ್ಚುಹಾಕಬಾರದು; ಸ್ಪರ್ಧೆಗಳ ತೀರ್ಪುಗಾರರು ಅಂಥದಕ್ಕೆ ಬಹುಮಾನ ಕೊಡಬಾರದು.